ಬೇಲಿಯೇ ಎದ್ದು ಹೊಲ ಮೇಯ್ದಾಗ

ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ? ನಮ್ಮ ಮೈಯೊಳಗೂ ಹಾಗಾಗುವುದುಂಟು. ರೋಗಾಣುಗಳನ್ನು ಹಿಡಿಯಬೇಕಾದ ಆಂಟಿಬಾಡಿಗಳು, ಅಂದರೆ ಪ್ರತಿಕಾಯಗಳು, ಕೆಲವೊಮ್ಮೆ ನಮ್ಮದೇ ಕಿಡ್ನಿಯ ಮೇಲೆ ತಿರುಗಿಬೀಳುತ್ತವೆ.

ಇದನ್ನು ಅರಿಯಲು ನೆರವಾದದ್ದು ಇಲಿಗಳು. 1959ರಲ್ಲಿ ಅಮೆರಿಕದ ವಾಲ್ಟರ್ ಹೇಮನ್ ಮತ್ತು ಸಂಗಡಿಗರು ಇಲಿಗಳಿಗೆ ಕಿಡ್ನಿಯಿಂದ ತೆಗೆದ ಅಂಶವನ್ನು, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ದ್ರವ್ಯದ ಜೊತೆ ಚುಚ್ಚಿದರು. ಕೆಲವು ವಾರಗಳಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿತು. ಇಲಿಗಳ ದೇಹ ತನ್ನ ಕಿಡ್ನಿಯ ವಿರುದ್ಧವೇ ಪ್ರತಿಕಾಯ ತಯಾರಿಸಿತ್ತು. ಅವು ರಕ್ತ ಸೋಸುವ ಜಾಲರಿಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ ಎಂಬುದು ಮುಂದಿನ ಸಂಶೋಧನೆಗಳಲ್ಲಿ ತಿಳಿಯಿತು.

ಮನುಷ್ಯರ 'ಮೆಂಬ್ರೇನಸ್ ನೆಫ್ರೋಪತಿ' ಇದೇ ಬಗೆಯದು. ಆದರೆ ಇಲಿಗಳಲ್ಲಿ ಗುರಿ ಮೆಗಾಲಿನ್ ಎಂಬ ಪ್ರೋಟೀನ್; ನಮ್ಮಲ್ಲಿ ಬೇರೆ. ಹೆಚ್ಚಿನ ರೋಗಿಗಳಲ್ಲಿ ಗುರಿಯಾಗುವ 'ಪಿಎಲ್‌ಎ2ಆರ್' ಪತ್ತೆಯಾದದ್ದು 2009ರಲ್ಲಿ, ಅಂದರೆ ಅರ್ಧ ಶತಮಾನದ ನಂತರ! ಈಗ ಈ ಪ್ರತಿಕಾಯವನ್ನು ರಕ್ತ ಪರೀಕ್ಷೆಯಲ್ಲೇ ಕಾಣಬಹುದು. ಕೆಲವರಿಗೆ ಬಯಾಪ್ಸಿಯೂ ಬೇಕಾಗದು.

ಮೂತ್ರದಲ್ಲಿ ದಿನವೂ ನೊರೆಯೇ? ಪಾದ, ಕಣ್ಣಿನ ಸುತ್ತ ಬಾವೇ? ನಿಂತು ದುಡಿದ ಆಯಾಸವೆಂದು ತಳ್ಳಿಹಾಕಬೇಡಿ. ವೈದ್ಯರನ್ನು ಕಂಡು ಒಂದು ಮೂತ್ರ ಪರೀಕ್ಷೆ ಮಾಡಿಸಿ. ಕಿಡ್ನಿ ಕೆಡುವಾಗ ಬಹುಪಾಲು ನೋವೇ ಇರುವುದಿಲ್ಲ, ನೆನಪಿರಲಿ.