ಕಾಯಿಯೂ ನಂಬಿಕೆ, ಮೀಟರೂ ನಂಬಿಕೆ?

ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಬೋರ್‌ವೆಲ್ ಪಾಯಿಂಟ್ ಮಾಡಿಸುವುದೆಂದರೆ ಒಂದು ಸಣ್ಣ ಸಮಾರಂಭ. ಜುಟ್ಟು ಉಳಿಸಿ ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಪಾಯಿಂಟ್ ನೋಡುವವರು ತೋಟದ ಉದ್ದಗಲ ನಡೆಯುತ್ತಾರೆ. ಮಾಲೀಕ, ಅವನ ತಮ್ಮ, ಪಕ್ಕದ ಹೊಲದವರು ನಾಲ್ಕು ಹೆಜ್ಜೆ ಹಿಂದೆ. ಒಂದು ಕಡೆ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದೆ. ಅಲ್ಲೊಂದು ಕಲ್ಲು, ಕಲ್ಲಿಗೆ ಅರಿಶಿನ ಕುಂಕುಮ. ಮುನ್ನೂರು ಅಡಿಗೊಂದು ನೀರಿನ ಗ್ಯಾಪು, ನಾನೂರೈವತ್ತಕ್ಕೊಂದು, ಎರಡಿಂಚು ನೀರಿಗೆ ಮೋಸವಿಲ್ಲ ಎಂಬ ಭರವಸೆಯೂ ಸಿಗುತ್ತದೆ.

ಇದನ್ನು ಯಾರಾದರೂ ಪ್ರಶ್ನಿಸಿದರೆ ಬರುವ ಉತ್ತರ ಸಿದ್ಧವಾಗಿದೆ: ಭೂವಿಜ್ಞಾನಿಗಳು ಮೀಟರ್ ಇಟ್ಟು ತೋರಿಸಿದ್ದೂ ಫೇಲ್ ಆಗಲಿಲ್ಲವೇ? ಅವರದೊಂದು ನಂಬಿಕೆ, ನಮ್ಮದೊಂದು ನಂಬಿಕೆ. ವಿಜ್ಞಾನವೂ ಧರ್ಮವೂ ಸಾಬೀತಾಗದ ಊಹೆಗಳ ಮೇಲೆಯೇ ನಿಂತಿವೆ ಎಂದು ತತ್ವಶಾಸ್ತ್ರದ ತರಗತಿಯಲ್ಲಿ ಹೇಳುವ ಮಾತು ನಮ್ಮ ದುರ್ಗದ ಸೀಮೆಯಲ್ಲಿ ಕಟ್ಟೆ ಮೇಲೆಯೇ ಕೇಳುತ್ತದೆ. ನಕ್ಕು ಬಿಡುವ ಮಾತಲ್ಲ ಇದು, ಅರ್ಧ ನಿಜ.

ಮೀಟರಿನವರು ನೆಲಕ್ಕೆ ನಾಲ್ಕು ಸಲಾಕೆ ಹೊಡೆಯುತ್ತಾರೆ. ಹೊರಗಿನ ಎರಡರಿಂದ ಕರೆಂಟ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆದು, ಸಲಾಕೆಗಳನ್ನು ದೂರ ದೂರ ಸರಿಸುತ್ತಾ ಆಳದ ಅಂದಾಜು ಮಾಡುತ್ತಾರೆ. ಈ ಲೆಕ್ಕದ ಸರಳ ರೂಪದಲ್ಲೊಂದು ಊಹೆ ಅಡಗಿದೆ: ನೆಲದೊಳಗಿನ ಪದರಗಳು ಚಾಪೆ ಹಾಸಿದಂತೆ ಸಮತಟ್ಟಾಗಿವೆ ಎಂದು. ಚಿತ್ರದುರ್ಗದ ಶಿಸ್ಟ್ ಬಂಡೆ ಹಾಗೆ ಮಲಗಿಲ್ಲ. ಮಡಚಿಕೊಂಡು, ಕಡಿದಾಗಿ ಓರೆಯಾಗಿ ನಿಂತಿದೆ. ನೀರು ಇರುವುದು ಅದರ ಬಿರುಕುಗಳಲ್ಲಿ. ಹಾಗಾಗಿ ಮೀಟರ್ ತಪ್ಪುತ್ತದೆ. ಎಲ್ಲಿ, ಏಕೆ ತಪ್ಪುತ್ತದೆ ಎಂಬುದು ಮಾತ್ರ ಅದನ್ನು ಕಲಿಸುವ ಪುಸ್ತಕದಲ್ಲೇ ಬರೆದಿರುತ್ತದೆ.

ಕಾಯಿಯವರಂಥ ಜಲಶೋಧಕರಿಗೂ ಪರೀಕ್ಷೆ ನಡೆದಿದೆ, ಇಲ್ಲಲ್ಲ, ಜರ್ಮನಿಯ ಕಾಸೆಲ್ ನಗರದಲ್ಲಿ. 1990ರಲ್ಲಿ ಅಲ್ಲಿನ ಸಂದೇಹವಾದಿಗಳ ಸಂಘವೊಂದು ನೆಲದಡಿ ಪ್ಲಾಸ್ಟಿಕ್ ಪೈಪು ಹೂತು, ನೀರು ಹರಿಯುತ್ತಿದೆಯೇ ನಿಂತಿದೆಯೇ ಹೇಳಿ ಎಂದು ಜಲಶೋಧಕರನ್ನು ಕರೆಯಿತು. ನಿಯಮಗಳನ್ನು ಅವರೂ ಮೊದಲೇ ಒಪ್ಪಿಕೊಂಡಿದ್ದರು. ಸುಮಾರು 30 ಜನ ಹೇಳಿದ್ದು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಿರಲಿಲ್ಲ. ಅವರು ಮೋಸಗಾರರೆಂದಲ್ಲ. ಮನಸ್ಸಿನ ನಿರೀಕ್ಷೆ ಕೈಯ ಸ್ನಾಯುಗಳನ್ನು ಅರಿವಿಲ್ಲದೆ ಅಲುಗಿಸುತ್ತದೆ ಎಂದು ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದ. ರಿಗ್ ಲಾರಿ ಬಂದಾಗ ಕಾಯಿ ಒಡೆದು, ಕರ್ಪೂರ ಹಚ್ಚಿ ಗಂಗಮ್ಮನನ್ನು ಬೇಡಿಕೊಳ್ಳುವ ರೈತನ ಮಾತೇ ಬೇರೆ. ಅವನು ಅಡಿ, ಇಂಚಿನ ಲೆಕ್ಕ ಹೇಳುತ್ತಿಲ್ಲ. ಎಲ್ಲವೂ ನಂಬಿಕೆಯೇ ಎಂಬ ವಾದದ ತೊಂದರೆ ಇಲ್ಲಿದೆ: ಅಳೆದು ನೋಡಬಹುದಾದ ಹೇಳಿಕೆಯನ್ನು ಅದು ಗಂಗಮ್ಮನ ಸೆರಗಿನ ಹಿಂದೆ ಬಚ್ಚಿಡುತ್ತದೆ.

ಇನ್ನೂ ಆಳದ ಊಹೆಯೊಂದನ್ನು ನೋಡಬೇಕಾದರೆ ಹಿರಿಯೂರಿನ ಹೆದ್ದಾರಿಯಲ್ಲಿ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒತ್ತಿಟ್ಟಂತೆ ಕಾಣುವ ಬಂಡೆಗಳಿವೆ. ನೀರಿನಡಿ ಉಕ್ಕಿದ ಲಾವಾ ಹೀಗೆ ಉಂಡೆಯಾಗಿ ಹೆಪ್ಪುಗಟ್ಟಿದೆ, ಸುಮಾರು 250 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಉಕ್ಕಿದ್ದನ್ನು ಕಂಡವರಾರು? 1970ರ ದಶಕದಲ್ಲಿ ಹವಾಯಿ ದ್ವೀಪದ ಕಡಲಿಗಿಳಿದ ಮುಳುಗುಗಾರರು ಇಂಥದೇ ದಿಂಬುಗಳು ಹುಟ್ಟುವುದನ್ನು ಕಣ್ಣಾರೆ ಕಂಡರು. ಇಂದು ಹೀಗಾಗುವುದಾದರೆ ಅಂದೂ ಹೀಗೇ ಆಗಿರಬೇಕು, ಇದೇ ಆ ಊಹೆ.

ಈ ಊಹೆಯನ್ನು ಕೆಣಕಿದ್ದು ಯುರೋಪಿನವರಷ್ಟೇ ಅಲ್ಲ. ತತ್ವಜ್ಞಾನಿ ಡೇವಿಡ್ ಹ್ಯೂಮ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಚಾರ್ವಾಕರು, ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂದು ನೀವು ಎಲ್ಲ ಕಾಲ, ಎಲ್ಲ ದೇಶ ನೋಡಿ ಬಂದಿದ್ದೀರಾ ಎಂದು ಕೇಳಿದ್ದರು. ನ್ಯಾಯ ದರ್ಶನದ ಪಂಡಿತ ಉದಯನನ ಉತ್ತರ ನನಗಿಷ್ಟ: ಸಂಶಯಕ್ಕೂ ಒಂದು ಮಿತಿ ಇದೆ, ನಿನ್ನ ನಡತೆಯೇ ಅದನ್ನು ಸುಳ್ಳಾಗಿಸಿದಾಗ ಅದು ನಿಲ್ಲುತ್ತದೆ. ಹಸಿದಾಗ ಊಟಕ್ಕೆ ಕೂರುವವನು ಪ್ರಕೃತಿಯ ನಿಯಮ ನಾಳೆಯೂ ಇರುತ್ತದೆಂದು ಒಪ್ಪಿಯೇ ಕೂತಿರುತ್ತಾನೆ. ಆ ಊಹೆ ವಿಜ್ಞಾನಿಯ ಖಾಸಗಿ ಆಸ್ತಿಯಲ್ಲ, ಅರ್ಚಕರೂ ಅದನ್ನು ನಂಬಿಯೇ ದೀಪ ಹಚ್ಚುತ್ತಾರೆ. ಧರ್ಮದ ಊಹೆಗಳು ಇದರ ಮೇಲೆ ಸೇರಿಸಿದವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ.

ಆದರೂ ವಿಜ್ಞಾನಿಗಳು ಆ ಊಹೆಯನ್ನು ಸುಮ್ಮನೆ ಬಿಟ್ಟಿಲ್ಲ. ಆಫ್ರಿಕಾದ ಗ್ಯಾಬನ್‌ನ ಒಕ್ಲೊ ಗಣಿಯಲ್ಲಿ ಸುಮಾರು 200 ಕೋಟಿ ವರ್ಷ ಹಿಂದೆ ಯುರೇನಿಯಂ ತಾನಾಗಿಯೇ ಅಣುಕುಲುಮೆಯಂತೆ ಉರಿದಿತ್ತು ಎಂಬುದು 1972ರಲ್ಲಿ ಗೊತ್ತಾಯಿತು. ಉಳಿದಿದ್ದ ಬೂದಿಯನ್ನು ಪರೀಕ್ಷಿಸಿ, ಅಂದಿನ ಪರಮಾಣು ನಿಯಮ ಇಂದಿನಂತೆಯೇ ಇತ್ತೇ ಎಂದು ತಾಳೆ ನೋಡಿದರು. ಅಳತೆಗೆ ಸಿಗುವ ಮಟ್ಟಿಗೆ ವ್ಯತ್ಯಾಸವಿರಲಿಲ್ಲ. ಇದು ಕೊನೆಯ ಸಾಬೀತು ಅಲ್ಲ, ಅಂಥದ್ದು ಸಿಗುವುದೂ ಇಲ್ಲ. ಊಹೆ ಸೋಲಬಹುದಾದ ಜಾಗವೊಂದನ್ನು ಹುಡುಕಿಕೊಂಡು ಹೋದರು, ಅಷ್ಟೆ.

ಕೆಲವು ಊಹೆಗಳು ಸೋಲುತ್ತವೆ ಕೂಡ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿತ್ತು. ಆಮೇಲೆ 89 ವರ್ಷ ಇಲ್ಲ. ತುಂಬುವುದೇ ಇಲ್ಲ ಎಂದು ಜನ ತೀರ್ಮಾನಿಸಿದ್ದರು. ಕಣಿವೆ ಮಾರಮ್ಮನಿಗೆ ಹರಕೆ ಹೊತ್ತವರಲ್ಲೂ ಎಷ್ಟೋ ಜನ ಅದನ್ನು ಕಾಣದೆಯೇ ಹೋದರು. ಭಾರಿ ಮಳೆಗೆ ಭದ್ರಾದಿಂದ ಬಂದ ನೀರೂ ಸೇರಿ 2022ರ ಸೆಪ್ಟೆಂಬರಿನಲ್ಲಿ ಕೋಡಿ ಹರಿಯಿತು. ಹಿರಿಯೂರಿನಲ್ಲಿ ಸಂಭ್ರಮ, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ ತೋಟಕ್ಕೆ ನೀರು ನುಗ್ಗಿದವರ ಗೋಳು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ನಿನ್ನೆಯ ಮಳೆಯ ಲೆಕ್ಕ ನಾಳೆಗೂ ಸಲ್ಲುತ್ತದೆ ಎಂಬುದು ಜಗತ್ತಿನ ಅಣೆಕಟ್ಟು ಎಂಜಿನಿಯರುಗಳ ಮೂಲ ಊಹೆ. ಅದು ಸತ್ತಿದೆ ಎಂದು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದವರು ಜಲವಿಜ್ಞಾನಿಗಳೇ.

ತನ್ನ ಊಹೆಯನ್ನು ತಾನೇ ಪ್ರಶ್ನಿಸುವುದು ಧರ್ಮದಲ್ಲಿ ಇಲ್ಲ ಎನ್ನಲಾರೆ. ಸ್ಥಾವರ ಪೂಜೆಯನ್ನೇ ಪ್ರಶ್ನಿಸಿದ 12ನೇ ಶತಮಾನದ ಶರಣರ ಹೆಸರು ಹೇಳುವ ಮಠಗಳು ಈ ಜಿಲ್ಲೆಯಲ್ಲೇ ಇವೆ. 2023ರಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ, ಗಣಪತಿ ಪೂಜೆ ಶರಣ ಸಂಸ್ಕೃತಿಯಲ್ಲ ಎಂದಾಗ ದೊಡ್ಡ ಗದ್ದಲವೇ ಆಯಿತು. ಭಾವನೆಗೆ ಧಕ್ಕೆ ಬಂತು ಎಂಬ ಕೂಗಿನ ಬಗ್ಗೆ ನನಗೆ ಕುತೂಹಲವಿಲ್ಲ. ವಚನಗಳಲ್ಲಿ ಏನಿದೆ, ತೆಗೆದು ನೋಡೋಣ ಬನ್ನಿ ಎಂದು ಕೂತು ವಾದಿಸುವವರಿದ್ದರೆ, ಅವರು ಸ್ವಾಮೀಜಿಯ ಪರವಿರಲಿ ವಿರುದ್ಧವಿರಲಿ, ಕೇಳಲು ನಾನು ಸಿದ್ಧ.