ಊರ ಕೆಲಸದಲ್ಲಿ ಊರಿನವರ ಪಾಲೆಷ್ಟು?

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಧುಮುಕುತ್ತಾಳೆ. ಆ ನೀರಿನ ಬಲದಿಂದ 1880ರ ದಶಕದಲ್ಲೇ ನೂಲಿನ ಗಿರಣಿ ತಿರುಗಿತು. ಸುತ್ತಲಿನ ಹಳ್ಳಿಗಳ ಮನೆಗಳಿಗೆ ವಿದ್ಯುತ್ ದೀಪ ಬರಲು ಮಾತ್ರ ದಶಕಗಳೇ ಬೇಕಾದವು. ಇವತ್ತಿಗೂ ಈ ಭಾಗದಲ್ಲಿ ಒಂದು ಮಾತು ಕೇಳುತ್ತದೆ: "ಕರೆಂಟು, ನೀರು, ರಸ್ತೆ ಎಲ್ಲಾ ಸರ್ಕಾರದ ಕೆಲಸ ರೀ, ಹಳ್ಳಿ ಮಂದಿಗೆ ಅದನ್ನ ನಡೆಸಾಕ ಆಗೂದಿಲ್ಲ."

ಇದು ಸುಳ್ಳೆಂದು ತೋರಿಸಲು ದೂರ ಹೋಗಬೇಕಿಲ್ಲ, ಪಕ್ಕದ ಹುಕ್ಕೇರಿ ತಾಲ್ಲೂಕು ಸಾಕು. ಅಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೇಶದಲ್ಲಿ ಪ್ರಯೋಗವಾಗಿ ಮೊದಲು ಆರಂಭವಾದ ಐದು ಸಂಘಗಳಲ್ಲಿ ಅದೂ ಒಂದು. ಉಳಿದವು ಆಗಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ–ಪ್ರವರಾ ಮತ್ತು ಉತ್ತರ ಪ್ರದೇಶದ ಲಖನೌದಲ್ಲಿದ್ದವು. ಸಂಘ ವಿದ್ಯುತ್ತನ್ನು ಸಗಟಾಗಿ ಕೊಂಡು ತನ್ನದೇ ತಂತಿಗಳ ಮೂಲಕ ಮನೆ, ಹೊಲ, ಅಂಗಡಿಗಳಿಗೆ ಹಂಚುತ್ತದೆ. ಬಿಲ್ಲನ್ನೂ ಅದೇ ವಸೂಲು ಮಾಡುತ್ತದೆ. ಆಡಳಿತ ಮಂಡಳಿಯನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಆದರೆ ದರ ನಿಗದಿ ಮಾಡುವುದು ಸಂಘವಲ್ಲ, ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ರಾಜ್ಯದಲ್ಲಿ ಇಂಥ ಇನ್ನೊಂದು ಸಂಘವಿಲ್ಲ. ಅದರ ಚುನಾವಣೆ ಬಂದರೆ ಇಡೀ ಜಿಲ್ಲೆಯ ರಾಜಕೀಯ ಕಾವೇರುತ್ತದೆ. ಅಧಿಕಾರ ಜನರ ಕೈಯಲ್ಲಿದ್ದ ಕಡೆ ಪೈಪೋಟಿಯೂ ಇರುತ್ತದೆ, ಅದನ್ನು ಕಂಡು ಸಹಕಾರವೇ ಸೋತಿತು ಎನ್ನುವುದು ಆತುರದ ತೀರ್ಪು.

ಎರಡನೆಯ ತಪ್ಪು ಕಲ್ಪನೆ ಗ್ರಾಮಸಭೆಯದು. ಮನೆ ಮಂಜೂರಾದವರ ಪಟ್ಟಿ ಓದಿ, ಸಹಿ ಪಡೆದು ಮುಗಿಸುವ ಸಭೆ ಅದೆಂದು ಬಹಳ ಮಂದಿ ತಿಳಿದಿದ್ದಾರೆ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಬರೆದಿರುವುದೇ ಬೇರೆ. ಮೊದಲು ವಾರ್ಡ್ ಸಭೆ, ನಂತರ ಗ್ರಾಮಸಭೆ. ಯಾವ ಗಟಾರ ಮೊದಲು, ಯಾವ ರಸ್ತೆ ಆಮೇಲೆ, ಮನೆ ಯಾರಿಗೆ ಎಂಬ ಪ್ರಸ್ತಾಪ ವಾರ್ಡ್ ಸಭೆಯಲ್ಲಿ ಹುಟ್ಟಬೇಕು. ಎರಡೂ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಕೋರಂ. ಅಂದರೆ ಒಂದು ಓಣಿಯ ಹೆಣ್ಣುಮಕ್ಕಳು ಒಟ್ಟಾಗಿ ಬಂದು ಕೂತರೂ ಚರ್ಚೆಯ ದಿಕ್ಕು ಬದಲಾಗುತ್ತದೆ.

"ವಂತಿಗೆ ಕೊಟ್ಟೇವಲ್ಲ, ಅಲ್ಲಿಗೆ ನಮ್ಮ ಪಾಲು ಮುಗೀತು" ಎಂಬ ಮಾತೂ ಉಂಟು. 2019ರಲ್ಲಿ ಬಂದ ಜಲಜೀವನ್ ಮಿಷನ್ ಮಾರ್ಗಸೂಚಿ ಊರೊಳಗಿನ ನಳದ ಕಾಮಗಾರಿಗೆ ಸಾಮಾನ್ಯವಾಗಿ ಶೇ 10ರಷ್ಟು ಸಮುದಾಯದ ಕೊಡುಗೆ ಕೇಳುತ್ತದೆ. ಪರಿಶಿಷ್ಟರು ಹೆಚ್ಚಿರುವ, ಗುಡ್ಡಗಾಡಿನ ಮತ್ತು ಕಾಡಂಚಿನ ಊರುಗಳಿಗೆ ಶೇ 5. ಅದನ್ನು ದುಡ್ಡಿನ ರೂಪದಲ್ಲಷ್ಟೇ ಅಲ್ಲ, ದುಡಿಮೆಯ ರೂಪದಲ್ಲೂ ಕೊಡಬಹುದು. ಆದರೆ ಅದು ಬರೀ ಆರಂಭ. 10ರಿಂದ 15 ಮಂದಿಯ ನೀರು ಮತ್ತು ನೈರ್ಮಲ್ಯ ಸಮಿತಿ, ಅದರಲ್ಲಿ ಅರ್ಧ ಹೆಣ್ಣುಮಕ್ಕಳು, ಯೋಜನೆ ಮಾಡಬೇಕು, ಮುಂದೆ ನಡೆಸಬೇಕು, ನೀರಿನ ಶುಲ್ಕ ಗೊತ್ತುಮಾಡಬೇಕು. ಪೈಪು ಹೂತು ಗುತ್ತಿಗೆದಾರ ಹೊರಟುಹೋದ ಮೇಲೆ ನಳ ಒಣಗಿದರೆ ಯಾರನ್ನು ಕೇಳಬೇಕು ಎಂಬುದು ಕಾಮಗಾರಿ ಶುರುವಾಗುವ ಮೊದಲೇ ತೀರ್ಮಾನವಾಗಬೇಕು. ಬಹಳ ಊರುಗಳಲ್ಲಿ ಅದಾಗುವುದಿಲ್ಲ.

"ಪ್ರಶ್ನೆ ಕೇಳಿದರ ಕೆಲಸಕ್ಕ ಅಡ್ಡಗಾಲು ಹಾಕಿದಂಗ" ಎಂಬ ನಂಬಿಕೆ ನನಗೆ ಎಲ್ಲಕ್ಕಿಂತ ಅಪಾಯದ್ದಾಗಿ ಕಾಣುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ಸಾಮಾನ್ಯ ನಾಗರಿಕರಿಗೆ ಎಸ್ಟಿಮೇಟಿನ ಪ್ರತಿ ಕೊಡುವುದಕ್ಕಷ್ಟೇ ನಿಲ್ಲುವುದಿಲ್ಲ. ಕಾಮಗಾರಿಯನ್ನು ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲು ಕೂಡ ಹಕ್ಕಿದೆ. ಕಾಂಕ್ರೀಟ್ ಗಟ್ಟಿಯಾಗುವ ಮೊದಲು ಕೇಳಿದ ಪ್ರಶ್ನೆ ಕೆಲಸವನ್ನು ಕೆಡಿಸುವುದಿಲ್ಲ, ಕಿತ್ತು ಮತ್ತೆ ಹಾಕುವ ಖರ್ಚನ್ನು ಉಳಿಸುತ್ತದೆ.

ಇನ್ನು ಕೆನಾಲಿನ ಮಾತು. ಘಟಪ್ರಭೆಗೆ ಕಟ್ಟಿದ ಧುಪದಾಳದ ಒಡ್ಡು, ಹಿಡಕಲ್ ಜಲಾಶಯಗಳ ನೀರು ಕೊನೇ ಹೊಲ ಮುಟ್ಟದಿದ್ದರೆ ಬೈಗುಳ ನೀರಾವರಿ ಇಲಾಖೆಗೆ ಮಾತ್ರ ಸಲ್ಲುತ್ತದೆ. ಆದರೆ 2000ದಲ್ಲಿ ನೀರಾವರಿ ಕಾಯ್ದೆಗೆ ಆದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆ ಮತ್ತು ದುರಸ್ತಿಯ ಹೊಣೆ ವಹಿಸಲು ಅವಕಾಶ ಕೊಟ್ಟಿದೆ. ಆ ಸಂಘದಲ್ಲಿ ಮೇಲಿನ ಹೊಲದವರಷ್ಟೇ ತುಂಬಿದ್ದರೆ ಕೊನೇ ಹೊಲದವನ ಪಾಳಿ ಕಾಗದದಲ್ಲೇ ಉಳಿಯುತ್ತದೆ. ಹಾಗಾಗಿ ಸಂಘದ ಸದಸ್ಯರ ಪಟ್ಟಿ ತೆರೆದು, ಕೊನೇ ಹೊಲದವರ ಹೆಸರು ಅದರಲ್ಲಿ ಇದೆಯೇ ಎಂದು ಮೊದಲು ನೋಡಬೇಕು.