ಗಾಯ ಮಾಗಿತು, ಪಾಠ ಮಾತ್ರ ಹತ್ತುತ್ತಿಲ್ಲ

"ಚಿಕ್ಕ ಮಗು ಅಲ್ವಾ, ಬೇಗ ಸರಿಹೋಗುತ್ತೆ ಬಿಡಿ." ಸ್ಕೂಟರಿನಿಂದ ಬಿದ್ದೋ ತಾರಸಿಯಿಂದ ಜಾರಿಯೋ ತಲೆಗೆ ಭಾರಿ ಪೆಟ್ಟಾದ ಮಗುವನ್ನು ನೋಡಲು ಬಂದ ನೆಂಟರು ಧೈರ್ಯ ತುಂಬಲೆಂದು ಹೇಳುವ ಮಾತಿದು. ಎಳೆಯ ಮಿದುಳು ಬೇಗ ಕೂಡಿಕೊಳ್ಳುತ್ತದೆ ಎಂದು ಬಹುಕಾಲ ವೈದ್ಯರೂ ನಂಬಿದ್ದರು.

ಅದಕ್ಕೊಂದು ಮೂಲವಿದೆ. 1930ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾರ್ಗರೆಟ್ ಕೆನಾರ್ಡ್ ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಕೈಕಾಲು ಆಡಿಸುವ ಮಿದುಳಿನ ಭಾಗಕ್ಕೆ ಗಾಯವಾದಾಗ ದೊಡ್ಡ ಕೋತಿಗಳಿಗಿಂತ ಮರಿಗಳೇ ಚೆನ್ನಾಗಿ ಚೇತರಿಸಿಕೊಂಡವು. ಮುಂದೆ ಇದಕ್ಕೆ 'ಕೆನಾರ್ಡ್ ತತ್ತ್ವ' ಎಂದು ಹೆಸರು ಬಿತ್ತು. ಕೆಲವು ಮರಿಗಳಿಗೆ ಬೆಳೆದ ಮೇಲೆ ತೊಂದರೆ ಕಾಣಿಸಿಕೊಂಡಿದ್ದನ್ನು ಕೆನಾರ್ಡರೇ ಬರೆದಿದ್ದರು. ಆ ಮಾತು ಮರೆತುಹೋಗಿ ಹೆಸರಷ್ಟೇ ಉಳಿಯಿತು.

ಆ ಕೋತಿಗಳ ಗಾಯ ಒಂದೇ ಜಾಗದ್ದು. ರಸ್ತೆ ಅಪಘಾತದಲ್ಲಾದರೋ ತಲೆ ರಭಸದಿಂದ ತಿರುಚಿಕೊಂಡು, ಮಿದುಳಿನ ಉದ್ದಗಲಕ್ಕೂ ಹರಡಿರುವ ನರತಂತುಗಳು ಜಗ್ಗಿ ಹರಿಯಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕಿ ವಿಕಿ ಆ್ಯಂಡರ್ಸನ್ ಮತ್ತು ಸಂಗಡಿಗರು ಇಂಥ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡಿದ್ದು ನೆಂಟರ ಮಾತಿಗೆ ತದ್ವಿರುದ್ಧ: ಪೆಟ್ಟು ತೀವ್ರವಾಗಿದ್ದರೆ, ವಯಸ್ಸು ಚಿಕ್ಕದಾದಷ್ಟೂ ಕಲಿಕೆಗೆ ಬೀಳುವ ಹೊಡೆತ ಹೆಚ್ಚು. ದೊಡ್ಡವರಿಗೆ ಓದು, ಲೆಕ್ಕ ಮೊದಲೇ ಕಲಿತ ಗಂಟು. ಮೂರು ವರ್ಷದ ಮಗುವಾದರೋ ಅದನ್ನೆಲ್ಲ ಗಾಯಗೊಂಡ ಮಿದುಳಿನಿಂದಲೇ ಕಲಿಯಬೇಕು.

ಎದ್ದು ಓಡಾಡಿದರೆ ಗುಣವಾದಂತೆ ಎಂಬುದು ಇನ್ನೊಂದು ನಂಬಿಕೆ. ನನಗೆ ಹೆಚ್ಚು ಸಂಕಟವಾಗುವುದು ಇಲ್ಲಿ. ಯೋಜಿಸುವುದು, ತಡೆದುಕೊಳ್ಳುವುದು, ಗಮನ ಕೊಡುವುದು ಮಿದುಳಿನ ಮುಂಭಾಗದ ಕೆಲಸ. ಆ ಭಾಗ ಮಾಗುವುದು ಇಪ್ಪತ್ತು ದಾಟಿದ ಮೇಲೆ. ಹಾಗಾಗಿ ಎರಡನೇ ತರಗತಿಯಲ್ಲಿ ಕಾಣದ ಕೊರತೆ, ಆರು ವಿಷಯ, ಹೋಂವರ್ಕ್, ಪರೀಕ್ಷೆ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕಾದ ಹೈಸ್ಕೂಲಿನಲ್ಲಿ ಎದ್ದು ಬರುತ್ತದೆ. ಅಷ್ಟರಲ್ಲಿ ಬಿದ್ದದ್ದನ್ನು ಎಲ್ಲರೂ ಮರೆತಿರುತ್ತಾರೆ. ಮಗುವಿಗೆ ಸೋಮಾರಿ, ಹಠಮಾರಿ ಎಂಬ ಹೆಸರು ಬರುತ್ತದೆ, ಏಟೂ ಬೀಳುತ್ತದೆ. ಐಕ್ಯೂ ಪರೀಕ್ಷೆಯಲ್ಲಿ ಅಂಕ ಸರಿಯಾಗೇ ಬಂದರೂ ನೆನಪು, ಗಮನ, ಯೋಚಿಸುವ ವೇಗ ಕುಂದಿರಬಹುದು.

ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೆ ಏನೂ ಆಗಿಲ್ಲ ಎನ್ನುವುದೂ ತಪ್ಪು. ಆ ಸ್ಕ್ಯಾನ್ ಮುಖ್ಯವಾಗಿ ರಕ್ತಸ್ರಾವವನ್ನೂ ಮೂಳೆ ಬಿರುಕನ್ನೂ ಹಿಡಿಯುತ್ತದೆ. ಹರಿದ ಸಣ್ಣ ತಂತುಗಳು ಅದರ ಕಣ್ಣು ತಪ್ಪಿಸಿಕೊಳ್ಳಬಹುದು. ಇನ್ನು, ಹಗುರ ಪೆಟ್ಟಾದ ಮಗುವನ್ನು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಬೇಡ. ಮೊದಲ ಒಂದೆರಡು ದಿನ ವಿಶ್ರಾಂತಿ, ಆಮೇಲೆ ವೈದ್ಯರನ್ನು ಕೇಳಿಕೊಂಡು ಸ್ವಲ್ಪಸ್ವಲ್ಪವಾಗಿ ಶಾಲೆ, ಓಡಾಟ.

ಕಲಿಕೆ, ನೆನಪು, ಗಮನವನ್ನು ಬೇರೆಬೇರೆಯಾಗಿ ಅಳೆಯುವ ಪರೀಕ್ಷೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ತಜ್ಞರಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯನ್ನು ಜೋಪಾನವಾಗಿಡಿ. ಪ್ರತಿ ವರ್ಷ ಶಾಲೆ ತೆರೆದಾಗ, ಹೊಸ ಕ್ಲಾಸ್ ಟೀಚರಿಗೆ ಅದನ್ನು ತೋರಿಸಿ.